ಕಾಣದ ಕಪ್ಪುಕುಳಿ ಜೋಡಿಗಳನ್ನು ಎಣಿಸುವುದು ಹೇಗೆ: ರಾಯಚೂರಿನ ಹತ್ತಿ ಗಂಜ್‌ನಿಂದ ಒಂದು ಲೆಕ್ಕ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಜೊತೆ ಹತ್ತಿ ಮಾರಲು ರಾಯಚೂರು ಗಂಜ್‌ಗೆ, ಅಂದರೆ ಮಾರುಕಟ್ಟೆಗೆ, ಹೋಗಿದ್ದೆ. ಡಿಸೆಂಬರ್ ತಿಂಗಳು. ಟ್ರ್ಯಾಕ್ಟರ್ ಮೇಲೆ ಹತ್ತಿಯ ಅಂಡಿಗೆ, ಅದರ ಮೇಲೆ ನಾನು. ಸುಮ್ನೆ ಕೂತು ಬೇಜಾರಾಗಿ ಗಾಡಿ ಎಣಿಸುತ್ತಿದ್ದೆ. ರೇಟು ಆಗಲು ಕಾಯುತ್ತಿದ್ದ ಕಡೆ ನೂರರ ಹತ್ತಿರ ಗಾಡಿ. ತೂಕದ ಹತ್ತಿರ ಎರಡೋ ಮೂರೋ.

"ಅಪ್ಪಾ, ಅಲ್ಲಿ ಬರೇ ಎರಡು ಗಾಡಿ ಅದಾವ. ಇಲ್ಲಿ ಯಾಕ ಇಷ್ಟು?" ಅಂತ ಕೇಳಿದೆ.

"ತೂಕಕ್ಕ ಎಷ್ಟೊತ್ತು ಬೇಕು? ಐದಾರು ನಿಮಿಷ. ರೇಟು ಆಗಾಕ ಅರ್ಧ ದಿನ ಬೇಕು. ಹೊತ್ತು ಹಿಡಿಯೋ ಕಡೆ ಮಂದಿ ನಿಲ್ತಾರ" ಅಂದರು ಅಪ್ಪ.

ಬಹಳ ವರ್ಷ ಆದಮೇಲೆ ಕಪ್ಪುಕುಳಿಗಳ (ಬೆಳಕನ್ನೂ ಹೊರಗೆ ಬಿಡದ ಬ್ಲ್ಯಾಕ್ ಹೋಲ್‌ಗಳ) ಬಗ್ಗೆ ಓದುವಾಗ ಈ ಮಾತು ಮತ್ತೆ ಎದುರಾಯಿತು. ಗ್ಯಾಲಕ್ಸಿಗಳ ನಡುವಿನಲ್ಲಿ ಕೂತ ದೈತ್ಯ ಕಪ್ಪುಕುಳಿಗಳಲ್ಲಿ ಎಷ್ಟು ಜೋಡಿಯಾಗಿವೆ? ಅದರಲ್ಲೂ ಒಂದನ್ನೊಂದು ತೀರಾ ಹತ್ತಿರದಿಂದ ಸುತ್ತುವವು ಎಷ್ಟು? ವಿಜ್ಞಾನಿಗಳು ಇದನ್ನು ಲೆಕ್ಕ ಹಾಕುವ ರೀತಿಯ ಬುಡದಲ್ಲಿ ಇರುವುದು ಗಂಜ್‌ನ ಲೆಕ್ಕವೇ. ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್ ಇದ್ದರೆ ನೀವೂ ಮಾಡಬಹುದು. ಪಿಯುಸಿ ಓದುವವರಿಗೆ ಒಂದು ಸಂಜೆ ಸಾಕು.

ಮೊದಲು ಸೂತ್ರ

ಗಂಜ್‌ಗೆ ಗಂಟೆಗೆ 20 ಗಾಡಿ ಬರುತ್ತವೆ ಅಂದುಕೊಳ್ಳಿ. ತೂಕಕ್ಕೆ 6 ನಿಮಿಷ, ಅಂದರೆ ಗಂಟೆಯ ಹತ್ತನೇ ಒಂದು ಭಾಗ. 20ನ್ನು 0.1ರಿಂದ ಗುಣಿಸಿದರೆ 2. ಯಾವ ಹೊತ್ತಿನಲ್ಲಿ ಹೋಗಿ ನೋಡಿದರೂ ತೂಕದ ಹತ್ತಿರ ಸುಮಾರು 2 ಗಾಡಿ ಇರುತ್ತವೆ. ರೇಟಿಗೆ 5 ಗಂಟೆ ಕಾಯಬೇಕು. 20ನ್ನು 5ರಿಂದ ಗುಣಿಸಿದರೆ 100.

ಇಷ್ಟೇ ಸೂತ್ರ. ಒಂದು ಹಂತದಲ್ಲಿ ಕಾಣುವ ಸಂಖ್ಯೆ ಬೇಕಾದರೆ, ಬರುವ ದರವನ್ನು ಆ ಹಂತದಲ್ಲಿ ಕಳೆಯುವ ಕಾಲದಿಂದ ಗುಣಿಸಬೇಕು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಮುಂದೆ ಬರುವುದೆಲ್ಲ ಈ ಎರಡು ಅಂಕಿಗಳನ್ನು ಹುಡುಕುವ ಕೆಲಸ.

ನೇರವಾಗಿ ದೂರದರ್ಶಕದಲ್ಲಿ ನೋಡಿ ಎಣಿಸಬಹುದಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಎರಡು ಕಪ್ಪುಕುಳಿಗಳು 0.1 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ ಒಂದು ಜ್ಯೋತಿರ್ವರ್ಷ) ದೂರದಲ್ಲಿವೆ, ಆ ಜೋಡಿ ನಮ್ಮಿಂದ 300 ಕೋಟಿ ಜ್ಯೋತಿರ್ವರ್ಷ ಆಚೆ ಇದೆ ಅಂದುಕೊಳ್ಳಿ. ಆಗ ಅವುಗಳ ನಡುವಿನ ಅಂತರ ನಮಗೆ ಸುಮಾರು 7 ಮೈಕ್ರೋ ಆರ್ಕ್‌ಸೆಕೆಂಡ್ (ಕೋನದ ತೀರಾ ಸಣ್ಣ ಅಳತೆ) ಆಗಿ ಕಾಣಬೇಕು. 2019ರಲ್ಲಿ ಎಂ 87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರ ಕೊಟ್ಟ ಈವೆಂಟ್ ಹೊರೈಜನ್ ದೂರದರ್ಶಕ ಜಾಲ ಇಡೀ ಭೂಮಿಯಷ್ಟು ಅಗಲ. ಅದರ ನೋಟದ ಚೂಪು ಸುಮಾರು 20 ಮೈಕ್ರೋ ಆರ್ಕ್‌ಸೆಕೆಂಡ್. ಅದಕ್ಕೂ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಅದಕ್ಕೇ ಲೆಕ್ಕದ ದಾರಿ ಬೇಕು.

ಹೆಜ್ಜೆ 1: ಗಾಡಿಗಳು ಎಷ್ಟು ಬೇಗ ಬರುತ್ತವೆ?

ನಮ್ಮ ಲೆಕ್ಕದಲ್ಲಿ ಗಾಡಿ ಬರುವುದು ಅಂದರೆ ಎರಡು ಗ್ಯಾಲಕ್ಸಿ ಡಿಕ್ಕಿಯಾಗಿ ಒಂದಾಗುವುದು. ಬಹುತೇಕ ಪ್ರತಿ ದೊಡ್ಡ ಗ್ಯಾಲಕ್ಸಿಯ ನಡುವೆ ಒಂದು ದೈತ್ಯ ಕಪ್ಪುಕುಳಿ ಇರುತ್ತದೆ. ನಮ್ಮ ಹಾಲುಹಾದಿಯಲ್ಲಿರುವುದು ಸೂರ್ಯನ 43 ಲಕ್ಷ ಪಟ್ಟು ಭಾರ. ಎರಡು ಗ್ಯಾಲಕ್ಸಿ ಸೇರಿದರೆ ಹೊಸ ಗ್ಯಾಲಕ್ಸಿಯೊಳಗೆ ಎರಡು ಕಪ್ಪುಕುಳಿ ಬಂದಂತಾಯಿತು.

ಡಿಕ್ಕಿಯ ದರ ಕಂಡುಹಿಡಿಯಲು ಅದೇ ಸೂತ್ರವನ್ನು ಹಿಂದುಮುಂದು ಮಾಡಿ. ಆಕಾಶದ ಫೋಟೋಗಳಲ್ಲಿ ದೊಡ್ಡ ಗ್ಯಾಲಕ್ಸಿಗಳನ್ನು ನೋಡಿದರೆ ನೂರಕ್ಕೆ ಸುಮಾರು ಎರಡು, ಇನ್ನೇನು ಸೇರಲಿರುವ ಜೋಡಿಯಲ್ಲಿ ಇರುತ್ತವೆ. ಹಾಗೆ ಜೋಡಿಯಾಗಿ ಕಾಣುವ ಹಂತ ಸುಮಾರು 50 ಕೋಟಿ ವರ್ಷ ಅಂತ ಇಡಿ. 0.02ನ್ನು 50 ಕೋಟಿಯಿಂದ ಭಾಗಿಸಿದರೆ, ಒಂದು ಗ್ಯಾಲಕ್ಸಿಗೆ 2,500 ಕೋಟಿ ವರ್ಷಕ್ಕೆ ಒಂದು ಡಿಕ್ಕಿ ಬರುತ್ತದೆ. ಇದು ಈಗಿನ ಕಾಲದ ದರ. ಹಿಂದೆ ಗ್ಯಾಲಕ್ಸಿಗಳು ಹತ್ತಿರ ಹತ್ತಿರ ಇದ್ದವು, ಡಿಕ್ಕಿ ಜಾಸ್ತಿ ಆಗುತ್ತಿದ್ದವು. ನಾವು ಈಗ ನೋಡುವ ಹತ್ತಿರದ ಕಪ್ಪುಕುಳಿ ಜೋಡಿ ಹುಟ್ಟಿದ್ದು ಆ ಹಳೆಯ ಡಿಕ್ಕಿಗಳಿಂದ. ಹಾಗಾಗಿ ನಾನು ನೋಟ್‌ಬುಕ್ಕಿನಲ್ಲಿ 1,000 ಕೋಟಿ ವರ್ಷಕ್ಕೆ ಒಂದು ಅಂತ ಬರೆದುಕೊಳ್ಳುತ್ತೇನೆ. ದುಂಡು ಅಂಕಿ, ಲೆಕ್ಕಕ್ಕೆ ಸುಲಭ. ಪಕ್ಕದಲ್ಲಿ "ಎರಡು ಪಟ್ಟು ಹೆಚ್ಚುಕಡಿಮೆ" ಅಂತ ಸಣ್ಣದಾಗಿ ಬರೆಯುವುದನ್ನು ಮರೆಯಬೇಡಿ. ಆಮೇಲೆ ಬೇಕಾಗುತ್ತದೆ.

ಹೆಜ್ಜೆ 2: ಕಪ್ಪುಕುಳಿಗೆ ತೂಕ ಕೊಡಿ

ಗ್ಯಾಲಕ್ಸಿಯ ನಡುವಿನ ಉಬ್ಬಿದ ಭಾಗದಲ್ಲಿ ನಕ್ಷತ್ರಗಳ ಒಟ್ಟು ಭಾರ ಎಷ್ಟಿದೆಯೋ, ಕಪ್ಪುಕುಳಿಯ ಭಾರ ಅದರ ಕೆಲವು ನೂರರಲ್ಲಿ ಒಂದು ಭಾಗ ಇರುತ್ತದೆ. ದೊಡ್ಡ ಗ್ಯಾಲಕ್ಸಿಗೆ ದೊಡ್ಡ ಕುಳಿ. ನಾವು ಮೊದಲ ಲೆಕ್ಕಕ್ಕೆ ಎರಡೂ ಕುಳಿಗಳನ್ನು ಸೂರ್ಯನ 100 ಕೋಟಿ ಪಟ್ಟು ಭಾರದವು ಅಂತ ಇಟ್ಟುಕೊಳ್ಳೋಣ. ಇಂಥ ಭಾರದ್ದು ಎಲ್ಲ ಗ್ಯಾಲಕ್ಸಿಯಲ್ಲೂ ಸಿಗುವುದಿಲ್ಲ. ಪ್ರತಿ ಬದಿ 7 ಕೋಟಿ ಜ್ಯೋತಿರ್ವರ್ಷ ಇರುವ ಒಂದು ದೊಡ್ಡ ಪೆಟ್ಟಿಗೆಗೆ ಸುಮಾರು ಒಂದು ಅಂತ ಇಡಿ. ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಎಂ 87 ನೆನಪಿಸಿಕೊಳ್ಳಿ. ಅದರ ಕುಳಿ ಸೂರ್ಯನ 650 ಕೋಟಿ ಪಟ್ಟು ಭಾರ, ದೂರ 5.5 ಕೋಟಿ ಜ್ಯೋತಿರ್ವರ್ಷ. ನಮ್ಮ ಅಂಕಿ ದಾರಿ ತಪ್ಪಿಲ್ಲ.

ಹೆಜ್ಜೆ 3: ಒಳಗೆ ಇಳಿಯುವ ದಾರಿ

ಇಲ್ಲಿಗೆ ಬಂದಾಗ ನಿಧಾನ ಮಾಡಿ. ಇಡೀ ವಿಷಯದ ಜೀವ ಇರುವುದು ಇಲ್ಲೇ.

ಗ್ಯಾಲಕ್ಸಿಗಳು ಸೇರಿದ ತಕ್ಷಣ ಕಪ್ಪುಕುಳಿಗಳು ಸೇರುವುದಿಲ್ಲ. ಮೊದಲಿಗೆ ಅವು ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿ ಇರುತ್ತವೆ. 1980ರಲ್ಲಿ ಬೆಗೆಲ್‌ಮನ್, ಬ್ಲಾಂಡ್‌ಫರ್ಡ್, ರೀಸ್ ಎಂಬ ಮೂವರು ಈ ಪ್ರಯಾಣವನ್ನು ಮೂರು ಹಂತವಾಗಿ ಬಿಡಿಸಿ ತೋರಿಸಿದರು. ಇವತ್ತಿಗೂ ಎಲ್ಲರೂ ಅದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ.

ಮೊದಲ ಹಂತದಲ್ಲಿ ನಕ್ಷತ್ರಗಳ ಜಂಗುಳಿಯೇ ಬ್ರೇಕ್. ಭಾರದ ವಸ್ತು ನಕ್ಷತ್ರಗಳ ನಡುವೆ ಸಾಗುವಾಗ ಅವನ್ನು ತನ್ನ ಕಡೆಗೆ ಎಳೆಯುತ್ತದೆ. ಎಳೆದವು ಅದರ ಬೆನ್ನ ಹಿಂದೆ ಗುಂಪುಗೂಡುತ್ತವೆ. ಆ ಗುಂಪು ಅದನ್ನು ಹಿಂದಕ್ಕೆ ಜಗ್ಗುತ್ತದೆ. 1943ರಲ್ಲಿ ಈ ಜಗ್ಗಾಟದ ಲೆಕ್ಕ ಕೊಟ್ಟವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಜಾತ್ರೆಯಲ್ಲಿ ತೇರು ಹೋಗುವಾಗ ಜನ ಹಿಂದೆ ಮುಚ್ಚಿಕೊಳ್ಳುವುದನ್ನು ಕೊಪ್ಪಳದ ಗವಿಮಠದಲ್ಲಿ ನೋಡಿದ್ದೀರಲ್ವಾ? ಆ ಹಿಂದಿನ ಜನರೆಲ್ಲ ತೇರನ್ನು ಹಿಂದಕ್ಕೆ ಜಗ್ಗಿದರೆ ಹೇಗಿರುತ್ತದೋ ಹಾಗೆ. ಕುಳಿ ಎಷ್ಟು ಭಾರವೋ ಅಷ್ಟು ಬೇಗ ಒಳಗೆ ಇಳಿಯುತ್ತದೆ. ಭಾರದ ಕುಳಿಗೆ ಈ ಹಂತ ಹತ್ತಾರು ಕೋಟಿ ವರ್ಷ. ಹಗುರದ್ದಾದರೆ ಇನ್ನೂ ಬಹಳ.

ಇದು ಉದ್ದದ ಹಂತ, ಅದಕ್ಕೇ ಇಲ್ಲಿ ಜೋಡಿಗಳು ಕಣ್ಣಿಗೂ ಬಿದ್ದಿವೆ. 2002ರಲ್ಲಿ ಎನ್‌ಜಿಸಿ 6240 ಗ್ಯಾಲಕ್ಸಿಯಲ್ಲಿ ಸುಮಾರು 3,000 ಜ್ಯೋತಿರ್ವರ್ಷ ಅಂತರದ ಎರಡು ಕುಳಿಗಳನ್ನು ಎಕ್ಸ್-ರೇ ದೂರದರ್ಶಕ ತೋರಿಸಿತು. ಆ ದೂರದರ್ಶಕದ ಹೆಸರು ಚಂದ್ರ. ಅದೇ ಚಂದ್ರಶೇಖರ್ ಅವರ ನೆನಪಿಗೆ ಇಟ್ಟ ಹೆಸರು. 2021ರಲ್ಲಿ ಎನ್‌ಜಿಸಿ 7727ರಲ್ಲಿ 1,600 ಜ್ಯೋತಿರ್ವರ್ಷ ಅಂತರದ ಜೋಡಿ ಸಿಕ್ಕಿತು. ಅದು ನಮ್ಮಿಂದ ಬರೀ 8.9 ಕೋಟಿ ಜ್ಯೋತಿರ್ವರ್ಷ ದೂರ.

ಎರಡನೇ ಹಂತ ಕೆಲವು ಹತ್ತು ಜ್ಯೋತಿರ್ವರ್ಷಗಳಲ್ಲಿ ಶುರುವಾಗುತ್ತದೆ. ಈಗ ಎರಡೂ ಕುಳಿ ಒಂದನ್ನೊಂದು ಸುತ್ತುತ್ತಿರುತ್ತವೆ. ಹತ್ತಿರ ಬಂದ ನಕ್ಷತ್ರವನ್ನು ಕವಣೆ ಕಲ್ಲಿನಂತೆ ಎಸೆಯುತ್ತವೆ. ಎಸೆದ ಪ್ರತಿ ನಕ್ಷತ್ರವೂ ಜೋಡಿಯ ಸ್ವಲ್ಪ ಶಕ್ತಿಯನ್ನು ಹೊತ್ತು ಹೋಗುತ್ತದೆ, ಜೋಡಿ ಸ್ವಲ್ಪ ಬಿಗಿಯಾಗುತ್ತದೆ. ಹೀಗೆ ಬಿಗಿಯಾಗಲು ತಮ್ಮ ಭಾರದಷ್ಟೇ ನಕ್ಷತ್ರಗಳನ್ನು ಎಸೆಯಬೇಕು. ಎಸೆದು ಎಸೆದು ಸುತ್ತಲಿನ ಜಾಗ ಖಾಲಿಯಾದರೆ? ಜೋಡಿ ಅಲ್ಲೇ ನಿಂತುಬಿಡಬಹುದು. ಇದನ್ನು "ಕೊನೆಯ ಪಾರ್ಸೆಕ್ ಸಮಸ್ಯೆ" ಅನ್ನುತ್ತಾರೆ. ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ.

ರೇಡಿಯೋ ದೂರದರ್ಶಕಗಳು ಸ್ಪಷ್ಟವಾಗಿ ಎರಡಾಗಿ ತೋರಿಸಿದ ಜೋಡಿಗಳಲ್ಲಿ ಬಹಳ ಹತ್ತಿರದ್ದು 0402+379 ಎಂಬ ಗ್ಯಾಲಕ್ಸಿಯದ್ದು. 2006ರಲ್ಲಿ ಗುರುತಿಸಿದರು. ಅಂತರ ಸುಮಾರು 24 ಜ್ಯೋತಿರ್ವರ್ಷ. ಸರಿಯಾಗಿ ಈ ಎರಡನೇ ಹಂತದ ಬಾಗಿಲಲ್ಲಿ ನಿಂತಿದೆ.

ಮೂರನೇ ಹಂತಕ್ಕೆ ನಕ್ಷತ್ರ ಬೇಡ. ಕುಳಿಗಳು ಸುತ್ತುತ್ತಾ ಗುರುತ್ವ ಅಲೆಗಳನ್ನು (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆಗಳನ್ನು) ಹೊರಡಿಸುತ್ತವೆ. ಅಲೆ ಶಕ್ತಿಯನ್ನು ಒಯ್ಯುತ್ತದೆ, ಜೋಡಿ ತಾನೇ ಕುಗ್ಗುತ್ತದೆ. ಇದಕ್ಕೆ ಪೀಟರ್ಸ್ ಎಂಬುವರು 1964ರಲ್ಲಿ ಸೂತ್ರ ಕೊಟ್ಟರು. ದುಂಡಗಿನ ಕಕ್ಷೆಗೆ, ನಮ್ಮ 100 ಕೋಟಿ ಸೂರ್ಯಭಾರದ ಎರಡು ಕುಳಿಗಳಿಗೆ ಅಂಕಿ ಹಾಕಿದರೆ ಅದು ಹೀಗೆ ಸರಳವಾಗುತ್ತದೆ:

ಸೇರಲು ಉಳಿದ ವರ್ಷ = 257 ಕೋಟಿ × ದೂರ × ದೂರ × ದೂರ × ದೂರ

ದೂರ ಜ್ಯೋತಿರ್ವರ್ಷದಲ್ಲಿ ಇರಬೇಕು. ಇಲ್ಲಿ ನಾನು ಒಮ್ಮೆ ಕೆಟ್ಟದಾಗಿ ಎಡವಿದ್ದೆ. ದೂರವನ್ನು ಪಾರ್ಸೆಕ್‌ನಲ್ಲಿ ಹಾಕಿ, ಜ್ಯೋತಿರ್ವರ್ಷದ ಸೂತ್ರ ಬಳಸಿದ್ದೆ. ದೂರ ನಾಲ್ಕು ಸಲ ಗುಣಾಕಾರ ಆಗುವುದರಿಂದ ತಪ್ಪು 3.26 ಪಟ್ಟಿನಲ್ಲಿ ನಿಲ್ಲಲಿಲ್ಲ, 113 ಪಟ್ಟು ಆಯಿತು. ಎರಡು ದಿನದ ಕೆಲಸ ಮತ್ತೆ ಮಾಡಬೇಕಾಯಿತು. ಪ್ರತಿ ಅಂಕಿಯ ಪಕ್ಕ ಅಳತೆಯ ಹೆಸರು ಬರೆಯಿರಿ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಮೊದಲು 3 ಜ್ಯೋತಿರ್ವರ್ಷ ಹಾಕಿ. 3ನ್ನು ನಾಲ್ಕು ಸಲ ಗುಣಿಸಿದರೆ 81. ಉತ್ತರ ಸುಮಾರು 20,800 ಕೋಟಿ ವರ್ಷ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ! ಅಂದರೆ 3 ಜ್ಯೋತಿರ್ವರ್ಷದಲ್ಲಿ ನಿಂತುಬಿಟ್ಟ ಜೋಡಿಯನ್ನು ಗುರುತ್ವ ಅಲೆ ಕಾಪಾಡುವುದಿಲ್ಲ. ಕೊನೆಯ ಪಾರ್ಸೆಕ್ ಸಮಸ್ಯೆಯನ್ನು ನೀವೇ ನಿಮ್ಮ ಕೈಯಾರೆ ಕಂಡುಹಿಡಿದಿರಿ. ಇನ್ನೂ ಸ್ವಲ್ಪ ಆಡಿಸಿ ನೋಡಿದರೆ, ಬರೀ ಅಲೆಯ ಬಲದಿಂದ ವಿಶ್ವದ ವಯಸ್ಸಿನೊಳಗೆ ಸೇರಬೇಕಾದರೆ ಜೋಡಿ ಸುಮಾರು 1.5 ಜ್ಯೋತಿರ್ವರ್ಷಕ್ಕಿಂತ ಹತ್ತಿರ ಇರಬೇಕು ಅಂತ ತಿಳಿಯುತ್ತದೆ.

ಆ ನಡುವಿನ ತಗ್ಗನ್ನು ದಾಟುವುದು ಹೇಗೆ? ಮೂರು ದಾರಿ ಹೇಳುತ್ತಾರೆ. ಡಿಕ್ಕಿಯಾದ ಗ್ಯಾಲಕ್ಸಿ ಚೆಂಡಿನಂತೆ ದುಂಡಗೆ ಇರುವುದಿಲ್ಲ, ಸೊಟ್ಟಗಿರುತ್ತದೆ. ಸೊಟ್ಟ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳ ದಾರಿಯೂ ಸೊಟ್ಟ, ಹಾಗಾಗಿ ಹೊಸ ಹೊಸ ನಕ್ಷತ್ರಗಳು ನಡುವಿಗೆ ಬರುತ್ತಲೇ ಇರುತ್ತವೆ. ನನಗೆ ಹೆಚ್ಚು ನಂಬಿಕೆ ಇರುವುದು ಈ ದಾರಿಯ ಮೇಲೆ. ಇನ್ನೊಂದು, ಜೋಡಿಯ ಸುತ್ತ ಅನಿಲದ ತಟ್ಟೆ ಇದ್ದರೆ ಅದು ಶಕ್ತಿಯನ್ನು ಹೀರಬಹುದು. ಮೂರನೆಯದು, ಇನ್ನೊಂದು ಡಿಕ್ಕಿಯಾಗಿ ಮೂರನೇ ಕುಳಿ ಬಂದು ಈ ಇಬ್ಬರನ್ನು ಒಳಗೆ ತಳ್ಳಬಹುದು.

ಹೆಜ್ಜೆ 4: ಗುಣಿಸಿ

ಸೂತ್ರದಲ್ಲಿ ಬೇರೆ ಬೇರೆ ದೂರ ಹಾಕಿ ಈ ನಾಲ್ಕು ಸಾಲು ಬರೆದುಕೊಳ್ಳಿ. ಸುತ್ತುವ ಕಾಲವನ್ನು ಕೆಪ್ಲರ್ ನಿಯಮದಿಂದ ತೆಗೆದಿದ್ದೇನೆ.

1 ಜ್ಯೋತಿರ್ವರ್ಷ: ಒಂದು ಸುತ್ತಿಗೆ 356 ವರ್ಷ, ಉಳಿದದ್ದು 257 ಕೋಟಿ ವರ್ಷ.
0.5 ಜ್ಯೋತಿರ್ವರ್ಷ: ಒಂದು ಸುತ್ತಿಗೆ 126 ವರ್ಷ, ಉಳಿದದ್ದು 16 ಕೋಟಿ ವರ್ಷ.
0.1 ಜ್ಯೋತಿರ್ವರ್ಷ: ಒಂದು ಸುತ್ತಿಗೆ 11 ವರ್ಷ, ಉಳಿದದ್ದು 2.57 ಲಕ್ಷ ವರ್ಷ.
0.05 ಜ್ಯೋತಿರ್ವರ್ಷ: ಒಂದು ಸುತ್ತಿಗೆ 4 ವರ್ಷ, ಉಳಿದದ್ದು 16 ಸಾವಿರ ವರ್ಷ.

ದೂರ ಅರ್ಧವಾದರೆ ಕಾಲ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಂಜ್‌ನ ತೂಕದ ಹಂತ ಇದೇ. ಕೊನೆಯ ಹಂತಗಳಲ್ಲಿ ಗಾಡಿ ನಿಲ್ಲುವುದೇ ಇಲ್ಲ.

ಈಗ ಹೆಜ್ಜೆ 1ರ ದರದಿಂದ ಗುಣಿಸಿ. 0.1 ಜ್ಯೋತಿರ್ವರ್ಷಕ್ಕಿಂತ ಹತ್ತಿರದ ಜೋಡಿ ಬೇಕು ಅಂದರೆ 2.57 ಲಕ್ಷವನ್ನು 1,000 ಕೋಟಿಯಿಂದ ಭಾಗಿಸಬೇಕು. ಸುಮಾರು 39,000 ಗ್ಯಾಲಕ್ಸಿಗೆ ಒಂದು ಜೋಡಿ. 0.05ಕ್ಕೆ ಇಳಿದರೆ ಸುಮಾರು 6.2 ಲಕ್ಷಕ್ಕೆ ಒಂದು. 0.5ಕ್ಕೆ ಏರಿದರೆ 62ಕ್ಕೆ ಒಂದು. ಆದರೆ 0.5ರ ಹತ್ತಿರ ನಕ್ಷತ್ರ, ಅನಿಲ ಇನ್ನೂ ಅವಸರ ಮಾಡಿಸುತ್ತಿರಬಹುದು. ಹಾಗಾಗಿ 62ಕ್ಕೆ ಒಂದು ಅನ್ನುವುದು ಗರಿಷ್ಠ ಮಿತಿ ಅಂತ ತಿಳಿಯಿರಿ. ನಿಜ ಸಂಖ್ಯೆ ಅದಕ್ಕಿಂತ ಕಡಿಮೆ.

ಇನ್ನು ಒಟ್ಟು ಎಷ್ಟು? ನಮ್ಮ ಸುತ್ತ 300 ಕೋಟಿ ಜ್ಯೋತಿರ್ವರ್ಷದ ಗೋಲ ತೆಗೆದುಕೊಳ್ಳಿ. ಹೆಜ್ಜೆ 2ರ ಪೆಟ್ಟಿಗೆಗಳು ಅದರೊಳಗೆ ಸುಮಾರು 3.3 ಲಕ್ಷ ಹಿಡಿಯುತ್ತವೆ. 3.3 ಲಕ್ಷವನ್ನು 39,000ದಿಂದ ಭಾಗಿಸಿದರೆ 8 ಅಥವಾ 9. ಅಷ್ಟು ದೊಡ್ಡ ಜಾಗದಲ್ಲಿ, ಅಷ್ಟು ಭಾರದ, ಅಷ್ಟು ಹತ್ತಿರದ ಜೋಡಿಗಳು ಬೆರಳಲ್ಲಿ ಎಣಿಸುವಷ್ಟು. ಈ ಉತ್ತರ ಮೊದಲ ಸಲ ಬಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಮೂರು ಸಲ ತಿದ್ದಿ ನೋಡಿದೆ.

ಹೆಜ್ಜೆ 5: ಹಗುರ ಕುಳಿಗಳಿಗೆ ಮತ್ತೆ ಮಾಡಿ

ಬೇರೆ ಭಾರಕ್ಕೆ ಸೂತ್ರ ಬೇಕಲ್ವಾ? ಎರಡೂ ಭಾರವನ್ನು 100 ಕೋಟಿ ಸೂರ್ಯಭಾರದ ಲೆಕ್ಕದಲ್ಲಿ ಬರೆಯಿರಿ. ಮೊದಲ ಭಾರ, ಎರಡನೇ ಭಾರ, ಎರಡರ ಮೊತ್ತ, ಈ ಮೂರನ್ನೂ ಗುಣಿಸಿ. 2ನ್ನು ಆ ಗುಣಲಬ್ಧದಿಂದ ಭಾಗಿಸಿ. ಬಂದ ಅಂಕಿಯಿಂದ ಹಳೆಯ ಉತ್ತರವನ್ನು ಗುಣಿಸಿ.

ಭಾರ ಹತ್ತನೇ ಒಂದು ಭಾಗ ಆದರೆ, ಅಂದರೆ ಎರಡೂ ಕುಳಿ 10 ಕೋಟಿ ಸೂರ್ಯಭಾರ ಇದ್ದರೆ, ಅದೇ ದೂರದಲ್ಲಿ ಕಾಲ 1,000 ಪಟ್ಟು; ಆದರೆ ಅದೇ 4 ವರ್ಷದ ಸುತ್ತಿಗೆ ಹಗುರ ಜೋಡಿ ಸುಮಾರು 0.023 ಜ್ಯೋತಿರ್ವರ್ಷಕ್ಕೆ ಹತ್ತಿರ ಇರಬೇಕು, ಆಗ ಅದು ಸುಮಾರು 46 ಪಟ್ಟು ಹೆಚ್ಚು ಕಾಲ ಉಳಿಯುತ್ತದೆ. ಭಾಗಿಸಿ ನೋಡಿ, 6.2 ಲಕ್ಷಕ್ಕೆ ಒಂದು ಇದ್ದದ್ದು ಸುಮಾರು 13,500ಕ್ಕೆ ಒಂದಾಗುತ್ತದೆ. ಅದರ ಮೇಲೆ ಹಗುರ ಕುಳಿಗಳ ಸಂಖ್ಯೆಯೇ ಜಾಸ್ತಿ. ಅವು ಹತ್ತು ಪಟ್ಟು ಜಾಸ್ತಿ ಇವೆ, ಡಿಕ್ಕಿಯ ದರ ಅದೇ ಅಂತ ಇಟ್ಟರೆ, ಅದೇ ಗೋಲದಲ್ಲಿ 11 ವರ್ಷದೊಳಗಿನ ಸುತ್ತಿನ ಜೋಡಿಗಳು (ಭಾರದ್ದಾದರೆ ಹೆಜ್ಜೆ 4ರಲ್ಲಿ 8 ಅಥವಾ 9 ಇದ್ದವು) ಸಾವಿರಾರು ಆಗುತ್ತವೆ. ಹಾಗಾದರೆ ಜೋಡಿ ವಿರಳವೋ, ಸಾಮಾನ್ಯವೋ? ಯಾವ ಭಾರದ್ದು ಅಂತ ಹೇಳದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಯಾರಾದರೂ ಬರೀ ಒಂದು ಅಂಕಿ ಹೇಳಿದರೆ, ಎಷ್ಟು ಭಾರ, ಎಷ್ಟು ದೂರ ಅಂತ ಮೊದಲು ಕೇಳಿ.

ಹೆಜ್ಜೆ 6: ಬೆಳಕಿನ ಜೊತೆ ಹೋಲಿಸಿ, ಆದರೆ ಎಚ್ಚರದಿಂದ

ಅನಿಲವನ್ನು ನುಂಗುತ್ತಾ ಉರಿಯುವ ಕಪ್ಪುಕುಳಿಗಳನ್ನು ಕ್ವೇಸಾರ್ ಅನ್ನುತ್ತೇವೆ. ಅಲ್ಲಿ ಜೋಡಿ ಇದ್ದರೆ ಬೆಳಕು ತಾಳ ಹಾಕಿದಂತೆ ಏರಿಳಿಯಬಹುದು. ಓಜೆ 287 ಇದಕ್ಕೆ ಹಳೆಯ ಉದಾಹರಣೆ. 19ನೇ ಶತಮಾನದ ಕೊನೆಯ ಕಾಲದ ಫೋಟೋ ಫಲಕಗಳಿಂದ ಹಿಡಿದು ನೋಡಿದರೆ ಸುಮಾರು 12 ವರ್ಷಕ್ಕೊಮ್ಮೆ ಅದು ಜೋರಾಗಿ ಬೆಳಗುತ್ತದೆ. 2015ರಲ್ಲಿ ಕ್ಯಾಟಲಿನಾ ಎಂಬ ಆಕಾಶ ಸಮೀಕ್ಷೆಯ 9 ವರ್ಷದ ಮಾಹಿತಿಯಲ್ಲಿ 2,43,500 ಕ್ವೇಸಾರ್‌ಗಳನ್ನು ಜಾಲಾಡಿ, ತಾಳ ಇದ್ದಂತೆ ಕಾಣುವ 111ನ್ನು ಪಟ್ಟಿ ಮಾಡಿದರು.

ಭಾಗಿಸಿ ನೋಡಿ. ಸುಮಾರು 2,200ಕ್ಕೆ ಒಂದು. ನಮ್ಮ ಲೆಕ್ಕ 4 ವರ್ಷದ ಸುತ್ತಿಗೆ ಹಗುರ ಜೋಡಿಗೇ 13,500ಕ್ಕೆ ಒಂದು ಅನ್ನುತ್ತದೆ, ಭಾರದ್ದಕ್ಕೆ 6.2 ಲಕ್ಷಕ್ಕೆ ಒಂದು. ಕ್ವೇಸಾರ್ ಹೊತ್ತಿಕೊಳ್ಳುವುದಕ್ಕೇ ಡಿಕ್ಕಿ ಕಾರಣ ಆಗಿದ್ದರೆ ಅಲ್ಲಿ ಜೋಡಿ ಸ್ವಲ್ಪ ಜಾಸ್ತಿ ಇರಬಹುದು. ಆದರೂ ಇಷ್ಟು ದೊಡ್ಡ ಅಂತರ ಕಂಡಾಗ ಪಟ್ಟಿಯ ಮೇಲೆ ಅನುಮಾನ ಪಡುವುದು ಸರಿ.

ಅನುಮಾನಕ್ಕೆ ಕಾರಣವೂ ಇದೆ. ಕ್ವೇಸಾರ್ ತನ್ನಷ್ಟಕ್ಕೆ ತಾನೇ ಏರಿಳಿಯುತ್ತದೆ, ಅದರಲ್ಲೂ ನಿಧಾನದ ಏರಿಳಿತ ಜೋರು. ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ದೋಆಬಿನ ಮಳೆ ನೆನಪಿಸಿಕೊಳ್ಳಿ. ಹತ್ತು ವರ್ಷದ ಲೆಕ್ಕ ಹಿಡಿದು ಕೂತರೆ "ನಾಲ್ಕು ವರ್ಷಕ್ಕೊಮ್ಮೆ ಬರ" ಅಂತ ಗಟ್ಟಿಯಾಗಿ ಹೇಳುವವರು ಸಿಗುತ್ತಾರೆ. ಐವತ್ತು ವರ್ಷದ ಲೆಕ್ಕ ತೆಗೆದರೆ ಆ ತಾಳ ಮಾಯ. ಎರಡು ಸುತ್ತು ಕಂಡಿದ್ದಕ್ಕೆ ತಾಳ ಅನ್ನಬೇಡಿ. ಐದಾರು ಸುತ್ತು ಬೇಕು. 4 ವರ್ಷದ ಸುತ್ತಿಗೆ ಅಂದರೆ 20 ವರ್ಷಕ್ಕೂ ಹೆಚ್ಚು ಕಾಯಬೇಕು. ಚಿಲಿಯ ರೂಬಿನ್ ವೀಕ್ಷಣಾಲಯ 10 ವರ್ಷ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಲಿದೆ. ಒಂದೆರಡು ವರ್ಷದ ಸುತ್ತುಗಳ ವಿಷಯದಲ್ಲಿ ಅದು ನಮ್ಮ ಲೆಕ್ಕವನ್ನು ನಿಜವಾಗಿ ಪರೀಕ್ಷೆ ಮಾಡಬಹುದು.

ಹೆಜ್ಜೆ 7: ಅಲೆಯ ಸದ್ದಿನ ಜೊತೆ ಹೋಲಿಸಿ

ಇದು ನನಗೆ ತುಂಬಾ ಇಷ್ಟದ ಹೆಜ್ಜೆ. 11 ವರ್ಷಕ್ಕೆ ಒಂದು ಸುತ್ತು ಹಾಕುವ ಜೋಡಿ ಐದೂವರೆ ವರ್ಷಕ್ಕೆ ಒಂದು ಗುರುತ್ವ ಅಲೆ ಕಳಿಸುತ್ತದೆ. ಅಷ್ಟು ಉದ್ದದ ಅಲೆಯನ್ನು ಭೂಮಿಯ ಮೇಲಿನ ಯಾವ ಯಂತ್ರವೂ ಹಿಡಿಯಲಾರದು. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೋ-ಇಂಡಿಯಾ ಯಂತ್ರ ಹಿಡಿಯುವುದು ನಕ್ಷತ್ರದಷ್ಟು ಭಾರದ ಚಿಕ್ಕ ಕುಳಿಗಳ ಅಲೆಯನ್ನು. ದೈತ್ಯ ಜೋಡಿಗಳಿಗೆ ಪಲ್ಸಾರ್ ಬೇಕು. ಪಲ್ಸಾರ್ ಅಂದರೆ ಗಡಿಯಾರದಂತೆ ರೇಡಿಯೋ ಮಿಡಿತ ಕಳಿಸುವ ಸತ್ತ ನಕ್ಷತ್ರ. ಅಲೆ ಹಾದುಹೋದರೆ ಮಿಡಿತ ತೀರಾ ಸ್ವಲ್ಪ ಬೇಗ ಅಥವಾ ತಡವಾಗಿ ಬರುತ್ತದೆ. ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದಷ್ಟು.

2023ರ ಜೂನ್ ಕೊನೆಯಲ್ಲಿ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ, ಚೀನಾದ ತಂಡಗಳು ಒಟ್ಟಿಗೇ ಸುದ್ದಿ ಕೊಟ್ಟವು. ಎಲ್ಲ ದಿಕ್ಕಿನಿಂದಲೂ ಬರುವ ನಿಧಾನದ ಅಲೆಗಳ ಗುಂಗು ಸಿಕ್ಕ ಗುರುತು ಇದೆ ಅಂತ. ಅಮೆರಿಕದ ನ್ಯಾನೋಗ್ರಾವ್ ತಂಡ 68 ಪಲ್ಸಾರ್‌ಗಳನ್ನು 15 ವರ್ಷ ನೋಡಿತ್ತು. ಯುರೋಪಿನ ಜೊತೆ ಸೇರಿದ್ದು ಇಂಡಿಯನ್ ಪಲ್ಸಾರ್ ಟೈಮಿಂಗ್ ಅರೇ. ಪುಣೆ ಹತ್ತಿರ ನಾರಾಯಣಗಾಂವ್ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದ 45 ಮೀಟರ್ ಅಗಲದ 30 ಬಟ್ಟಲುಗಳಿಂದ ಅವರ ಮಾಹಿತಿ ಬಂದಿತ್ತು. ರಾಯಚೂರಿನಿಂದ ರೈಲು ಹತ್ತಿದರೆ ಒಂದೇ ರಾತ್ರಿಯಲ್ಲಿ ಪುಣೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಗುಂಗಿನ ಗಾತ್ರ ಗೊತ್ತಾದರೆ ಜೋಡಿಗಳ ಸಂಖ್ಯೆ ತಿಳಿಯುತ್ತದೆಯೇ? ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ. ಗುಂಗಿನ ವರ್ಗ ಜೋಡಿಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಭಾರಕ್ಕೆ ಅದಕ್ಕಿಂತ ಜೋರಾಗಿ ಏರುತ್ತದೆ. ಗುಂಗು ನೀವು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಬಂತು ಅಂದರೆ ಜೋಡಿಗಳು ನಾಲ್ಕು ಪಟ್ಟು ಇರಬಹುದು. ಅಥವಾ ಸಂಖ್ಯೆ ಅಷ್ಟೇ ಇದ್ದು ಭಾರ 2.3 ಪಟ್ಟು ಇರಬಹುದು. ಬರೀ ಗುಂಗಿನಿಂದ ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ. ಸಿಕ್ಕ ಗುಂಗು ಹಳೆಯ ಅಂದಾಜುಗಳ ಮೇಲಿನ ಅಂಚಿನ ಹತ್ತಿರ ಇದೆ. ಅದು ಜೋಡಿಗಳದ್ದೇ ಆದರೆ, ಬಹಳ ಜೋಡಿಗಳು ಕೊನೆಯ ಪಾರ್ಸೆಕ್‌ನಲ್ಲಿ ಸಿಕ್ಕಿಹಾಕಿಕೊಳ್ಳದೆ ಒಳಗೆ ಇಳಿದಿವೆ ಅಂತ ಅರ್ಥ.

ಇನ್ನೊಂದು ಸೂಕ್ಷ್ಮ ಇದೆ. ಜೋಡಿಯನ್ನು ಒಳಗೆ ಇಳಿಸುವ ಕೆಲಸವನ್ನು ಅಲೆ ಮಾತ್ರ ಮಾಡುತ್ತಿದ್ದರೆ ನಿಧಾನದ ಅಲೆಗಳು ಇಂತಿಷ್ಟು ಜೋರಾಗಿ ಇರಬೇಕು ಅಂತ ಲೆಕ್ಕ ಹೇಳುತ್ತದೆ. ನ್ಯಾನೋಗ್ರಾವ್ ಮಾಹಿತಿಯಲ್ಲಿ ಅವು ಸ್ವಲ್ಪ ಮೆತ್ತಗೆ ಇದ್ದಂತೆ ಕಾಣುತ್ತದೆ. ಅಂದರೆ ದೂರದ ಕಕ್ಷೆಗಳಲ್ಲಿ ಜೋಡಿ ಕಡಿಮೆ. ಕಡಿಮೆ ಯಾಕೆ? ಅಲ್ಲಿ ಅವು ಕಡಿಮೆ ಹೊತ್ತು ನಿಲ್ಲುತ್ತವೆ. ನಕ್ಷತ್ರವೋ ಅನಿಲವೋ ಅವನ್ನು ಬೇಗ ಬೇಗ ಒಳಗೆ ಅಟ್ಟುತ್ತಿದೆ. ಈ ಗುರುತು ಇನ್ನೂ ಗಟ್ಟಿಯಾಗಿಲ್ಲ. ಆದರೆ ನೋಡಿ, ಗಂಜ್‌ನ ಅದೇ ಮಾತು ಆಕಾಶದ ಗುಂಗನ್ನು ಓದಲೂ ಬಳಕೆಗೆ ಬಂತು.

ಹೆಜ್ಜೆ 8: ಅನುಮಾನವನ್ನೂ ಬರೆಯಿರಿ

ಹೆಜ್ಜೆ 4ರ ಉತ್ತರ 8 ಅಥವಾ 9 ಅಂತ ಬಂತು. ಅದನ್ನು ಹಾಗೇ ಯಾರಿಗೂ ಹೇಳಬೇಡಿ. ಡಿಕ್ಕಿಯ ದರ ಎರಡು ಪಟ್ಟು ಹೆಚ್ಚುಕಡಿಮೆ, ಕುಳಿಗಳ ಸಂಖ್ಯೆ ಮೂರು ಪಟ್ಟು ಹೆಚ್ಚುಕಡಿಮೆ ಅಂತ ಇಟ್ಟರೆ ಉತ್ತರ ಒಂದರಿಂದ ಐವತ್ತರ ತನಕ ಓಡಾಡುತ್ತದೆ. ಎರಡನೇ ಹಂತದಲ್ಲಿ ಹತ್ತರಲ್ಲಿ ಒಂಬತ್ತು ಜೋಡಿ ನಿಂತುಬಿಡುತ್ತವೆ ಅಂದರೆ ಅದನ್ನೂ ಹತ್ತರಿಂದ ಭಾಗಿಸಬೇಕು. ಭಾರ ಸಮ ಇಲ್ಲದಿದ್ದರೆ ಎಷ್ಟು ವ್ಯತ್ಯಾಸ? ಒಂದು 160 ಕೋಟಿ, ಇನ್ನೊಂದು 40 ಕೋಟಿ ಹಾಕಿ ನೋಡಿ. ಅದೇ ದೂರದಲ್ಲಿ ಕಾಲ ಒಂದೂವರೆ ಪಟ್ಟು ಮಾತ್ರ ಹೆಚ್ಚುತ್ತದೆ. ಹಾಗಾಗಿ ಅದರ ಚಿಂತೆ ಬಿಡಿ, ಡಿಕ್ಕಿಯ ದರ ಮತ್ತು ಎರಡನೇ ಹಂತದ ಮೇಲೆ ಗಮನ ಇಡಿ. ಉತ್ತರವನ್ನು ಎಳೆದಾಡುವ ಅಂಕಿ ಯಾವುದು ಅಂತ ತಿಳಿದರೆ ಯಾವುದನ್ನು ಇನ್ನೂ ಚೆನ್ನಾಗಿ ಅಳೆಯಬೇಕು ಅಂತಲೂ ತಿಳಿಯುತ್ತದೆ.

ಕೊನೆಗೆ ಒಂದು ಲೆಕ್ಕ ನಿಮಗೇ ಬಿಡುತ್ತೇನೆ. ಹತ್ತಿ ಸುಗ್ಗಿಯ ದಿನಗಳಲ್ಲಿ, ನವೆಂಬರ್-ಡಿಸೆಂಬರ್‌ನ ಚಂದ್ರ ಇಲ್ಲದ ರಾತ್ರಿ, ಊರ ದೀಪಗಳಿಂದ ದೂರ ಹೊಲದಲ್ಲಿ ನಿಂತು ಎಂಟು ಗಂಟೆ ಸುಮಾರಿಗೆ ಉತ್ತರ ದಿಕ್ಕಿನಲ್ಲಿ ಎತ್ತರಕ್ಕೆ ನೋಡಿ. ಮಸುಕಾದ ಒಂದು ಬೆಳ್ಳನೆ ಚುಕ್ಕೆ ಕಾಣುತ್ತದೆ. ಅದು ಆಂಡ್ರೊಮಿಡಾ, 25 ಲಕ್ಷ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ. ಅದು ನಮ್ಮ ಹಾಲುಹಾದಿಗೆ ಡಿಕ್ಕಿ ಹೊಡೆಯುವುದು ಖಂಡಿತ ಅಂತ ಬಹಳ ದಿನ ಹೇಳುತ್ತಿದ್ದರು. 2025ರ ಒಂದು ಅಧ್ಯಯನದ ಪ್ರಕಾರ ಮುಂದಿನ 1,000 ಕೋಟಿ ವರ್ಷದಲ್ಲಿ ಅದರ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಡಿಕ್ಕಿಯಾಯಿತು ಅಂತಲೇ ಇಡಿ. ಅಲ್ಲಿನ ಕುಳಿ 14 ಕೋಟಿ ಸೂರ್ಯಭಾರ, ನಮ್ಮದು 43 ಲಕ್ಷ. ಸೂತ್ರದಲ್ಲಿ 0.14 ಮತ್ತು 0.0043 ಹಾಕಿ. ಅವು 0.1 ಜ್ಯೋತಿರ್ವರ್ಷದ ತನಕ ಬಂದಮೇಲೆ ಬರೀ ಅಲೆಯ ಬಲದಿಂದ ಸೇರಲು ಇನ್ನೂ ಎಷ್ಟು ವರ್ಷ ಬೇಕು? ನನ್ನ ನೋಟ್‌ಬುಕ್ಕಿನಲ್ಲಿ ಸುಮಾರು 590 ಕೋಟಿ ಅಂತ ಬಂದಿದೆ. ನಿಮ್ಮದರಲ್ಲಿ 113 ಪಟ್ಟು ಬೇರೆ ಬಂದರೆ, ಎಲ್ಲಿ ನೋಡಬೇಕು ಅಂತ ಈಗ ನಿಮಗೆ ಗೊತ್ತು.